ತಾನಾಗಿ ಬಂದ ವಾಸನೆ

ಕಮಲಾ ಒಲೆಯ ಮೇಲೆ ಏನಾದರೂ ಇಟ್ಟು ಅದಕ್ಕೆ ಬೆನ್ನು ಹಾಕಿ ನಿಲ್ಲುವುದನ್ನು ಕಂಡವರು, ಈಕೆಗೆ ಅಡುಗೆಯೆಂದರೆ ಬೇಜಾರು ಎಂದುಕೊಳ್ಳುತ್ತಿದ್ದರು. ಎಲ್ಲಿಯ ಬೇಜಾರು! ಅದು ಅವಳು ಅಪ್ಪನಿಂದ ಕಲಿತ ವಿದ್ಯೆ. ಅಪ್ಪ ಬಾಗಲಕೋಟೆಯ ಒಂದು ಮಠದಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ದೇವರಿಗೆ ನೈವೇದ್ಯ ಆಗುವ ತನಕ ಅಲ್ಲಿ ಯಾವುದನ್ನೂ ರುಚಿ ನೋಡುವಂತಿರಲಿಲ್ಲ, ಪಾತ್ರೆಯ ಮೇಲೆ ಬಾಗಿ ಮೂಸುವಂತೆಯೂ ಇರಲಿಲ್ಲ. ಹಾಗಾದರೆ ಹದ ತಿಳಿಯುವುದು ಹೇಗೆ ಸ್ವಾಮಿ? ಬಾಗಿ ಮೂಸಿದರೆ ದೋಷ, ತಾನಾಗಿ ಬಂದ ವಾಸನೆಗೆ ದೋಷವಿಲ್ಲ ಎಂದು ಅಪ್ಪ ಒಂದು ದಾರಿ ಹುಡುಕಿಕೊಂಡಿದ್ದರು. ಒಲೆಯಿಂದ ಒಂದು ಮಾರು ದೂರ, ಬೆನ್ನು ತಿರುಗಿಸಿ ನಿಂತು, ವಾಸನೆ ತಾನೇ ನಡೆದು ಬರಲಿ ಎಂದು ಕಾಯುತ್ತಿದ್ದರು. ಹತ್ತು ವರ್ಷದ ಕಮಲಾ ಅವರ ಪಕ್ಕದಲ್ಲಿ ಹಾಗೇ ನಿಂತು ಕಲಿತಳು. ಈಗ ಅವಳಿಗೆ ನಲವತ್ತೆಂಟು. ಪಾಮರ್ಸ್ಟನ್ ನಾರ್ತ್‌ಗೆ ಬಂದು ಹದಿನೈದು ವರ್ಷವಾಗಿ ಮಡಿಯೆಲ್ಲ ಯಾವಾಗಲೋ ಸಡಿಲವಾಗಿತ್ತು, ಆ ನಿಲ್ಲುವ ರೀತಿ ಮಾತ್ರ ಹೋಗಿರಲಿಲ್ಲ.

ಪಕ್ಕದ ಮನೆಯ ಓದಿಲಿಯಾ ಆಂಟಿ ಗ್ವಾಟೆಮಾಲಾದವರು. ಹುಲ್ಲಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಇಲ್ಲಿಯವನೊಬ್ಬನನ್ನು ಮದುವೆಯಾಗಿ ಬಂದು, ಕಿಂಡರ್‌ಗಾರ್ಟನ್ ಟೀಚರಾಗಿ ದುಡಿದು ನಿವೃತ್ತರಾದವರು. ಗಂಡ ಹೋದ ಮೇಲೆ ಒಬ್ಬರೇ ಇದ್ದರು. ಅರವತ್ತೆಂಟರಲ್ಲೂ ಊರೆಲ್ಲ ಸೈಕಲ್ಲಿನಲ್ಲೇ ತಿರುಗಾಟ. ಕಮಲಾಳ ಗಂಡ ಭೀಮಸೇನನಿಗೆ ಆ ಹೆಸರು ಕೇಳಿದಾಗಲೆಲ್ಲ ತಮಾಷೆ. “ಜೀವನಾ ಪೂರ್ತಿ ಸಾಲಿ ಕಲಿಸ್ಯಾರ, ಹೆಸರು ಮಾತ್ರ ಓದಿಲ್ಯಾ” ಎನ್ನುತ್ತಿದ್ದ. ಹಾಲಿನ ಪುಡಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನ ತಮಾಷೆ ಇನ್ನು ಹೇಗಿರುತ್ತದೆ, ಬಿಡಿ.

ಆ ವರ್ಷ, ಅಂದರೆ ಎರಡು ಸಾವಿರದ ಹದಿನಾಲ್ಕರ ಏಪ್ರಿಲಿನಲ್ಲಿ, ಒಂದು ಮಧ್ಯಾಹ್ನ ಕಮಲಾ ಆಂಟಿಯ ಮನೆಯ ಹಜಾರದಲ್ಲಿ ಹರಟುತ್ತ ಕೂತಿದ್ದಳು. ಒಳಗೆ ಒಲೆಯ ಮೇಲೆ ಹಾಲು. ಅದು ಉಕ್ಕಿ, ಬತ್ತಿ, ತಳ ಹಿಡಿದು ಮನೆ ತುಂಬ ಸೀದ ವಾಸನೆ ಎದ್ದರೂ ಆಂಟಿ ಮಾತ್ರ ತಮ್ಮ ಗುಲಾಬಿ ಗಿಡಗಳ ಕಥೆಯನ್ನು ನಿಲ್ಲಿಸಲಿಲ್ಲ. ಕಮಲಾ ಓಡಿಹೋಗಿ ಒಲೆ ಆರಿಸಿ ಬಂದಳು. ಬಂದಾಗ ಆಂಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ಆಗ ಹೊರಬಂತು ವಿಷಯ. ಹೋದ ಸೆಪ್ಟೆಂಬರಿನಲ್ಲಿ ಯಾರೋ ಹಿಂದೆ ಮುಂದೆ ನೋಡದೆ ಕಾರಿನ ಬಾಗಿಲು ತೆರೆದು, ಆಂಟಿ ಸೈಕಲ್ಲಿನಿಂದ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡದ್ದು ಎಲ್ಲರಿಗೂ ಗೊತ್ತಿತ್ತು. ಗಾಯ ಮಾಗಿತು, ಸೈಕಲ್ಲೂ ರಿಪೇರಿಯಾಯಿತು. ಆದರೆ ಅವತ್ತಿನಿಂದ ಅವರ ಮೂಗಿಗೆ ಒಂದೂ ವಾಸನೆ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಖಾರ ಇಷ್ಟೇ. ಉಳಿದದ್ದೆಲ್ಲ ಹತ್ತಿ ಅಗಿದ ಹಾಗೆ. ಬಂದರೂ ಬರಬಹುದು, ಬಾರದಿದ್ದರೂ ಇಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರು. ಇದನ್ನು ಆಂಟಿ ಯಾರಿಗೂ ಹೇಳಿರಲಿಲ್ಲ, ಮುಂದಿನ ತಿಂಗಳು ಬರಲಿದ್ದ ತಮ್ಮನಿಗಂತೂ ಇಲ್ಲವೇ ಇಲ್ಲ.

ತಮ್ಮನ ಹೆಸರು ರಿಗೋಬೆರ್ತೊ. ಗ್ವಾಟೆಮಾಲಾದಲ್ಲಿ ಟೇಲರು, ಅಕ್ಕನಿಗಿಂತ ಮೂರು ವರ್ಷ ಚಿಕ್ಕವರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹದಿನಾರು ವರ್ಷವಾಗಿತ್ತು. ಐದು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಇಲ್ಲಿ ಆಂಟಿಯ ಗಂಡ ಆಸ್ಪತ್ರೆಯಲ್ಲಿದ್ದರು, ಆಂಟಿಗೆ ಹೋಗಲಾಗಲಿಲ್ಲ. ತಮ್ಮ ಅದಕ್ಕೊಂದು ಆಡಿದವರಲ್ಲ, ಮುನಿದವರಲ್ಲ. ಫೋನಿನಲ್ಲಿ ಕೇಳಿದ್ದು ಒಂದೇ. ಅಮ್ಮ ಹೋದ ಮೇಲೆ ಪೆಪಿಯಾನ್ ತಿಂದಿಲ್ಲ, ಅವಳ ಕೈ ಬಂದಿರುವುದು ನಿನಗೊಬ್ಬಳಿಗೇ, ನಾನು ಬಂದ ದಿನ ಅದನ್ನು ಮಾಡು. ಪೆಪಿಯಾನ್ ಎಂದರೆ ಎಳ್ಳು, ಕುಂಬಳಬೀಜ, ಒಣಮೆಣಸಿನಕಾಯಿ, ಟೊಮೆಟೊ ಎಲ್ಲ ಹುರಿದು ರುಬ್ಬಿ ಮಾಡುವ ಕಪ್ಪುಗೆಂಪು ಸಾರು, ಅದರಲ್ಲಿ ಕೋಳಿ. ಮನೆಮನೆಗೂ ಒಂದೊಂದು ಹದ. ಆ ಹದವೂ ತಪ್ಪಿತು ಅಂದರೆ, ಅಮ್ಮನ ಮುಖ ನೋಡಲೂ ಬಾರದ ಮಗಳು ಅಮ್ಮನ ಅಡುಗೆಯನ್ನೂ ಕಳಕೊಂಡಳು ಎಂದಾಗುತ್ತದಲ್ಲ? ಆಂಟಿಯ ಕಣ್ಣಲ್ಲಿ ನೀರು ಬಂತು. ಮೂಗು ಒರೆಸಿಕೊಂಡು, ಇದೊಂದಕ್ಕೆ ಮಾತ್ರ ಉಪಯೋಗಕ್ಕೆ ಬರುವ ಮೂಗು ಎಂದು ನಕ್ಕರು ಕೂಡ.

ಅವತ್ತಿನ ಅಡುಗೆಗೆ ನೀನು ಜೊತೆಗಿರಬೇಕು ಎಂದು ಆಂಟಿ ಕೇಳಿದಾಗ ಕಮಲಾಳಿಗೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಆದರೂ ತಾನು ಮಾಂಸ ತಿನ್ನುವವಳಲ್ಲ, ಆ ಅಡುಗೆಯ ರುಚಿ ಕಂಡವಳೇ ಅಲ್ಲ ಎಂದು ತನಗೆ ತಿಳಿದ ಇಂಗ್ಲಿಷಿನಲ್ಲಿ ತೊದಲಿದಳು.

“ನಾಲಿಗೆ ನನ್ನ ನೆನಪಿನಲ್ಲಿದೆ ಮಗಳೇ,” ಅಂದರು ಆಂಟಿ. “ನಿನ್ನ ಮೂಗು ಮಾತ್ರ ಕೊಡು.”

ಮನೆಗೆ ಬಂದು ಹೇಳಿದಾಗ ಭೀಮಸೇನ ಸುಮ್ಮನಿರುತ್ತಾನೆಯೇ? ಈ ದೇಶದವರಿಗೆ ಕಿವಿ ಎಂಬ ಅಡ್ಡಹೆಸರು ಬೇರೆ ಇದೆಯಲ್ಲ. “ಕಿವಿಗಳ ದೇಶದಾಗ ಕಡೀಗೂ ಮೂಗಿಗೆ ಬೆಲಿ ಬಂತು ನೋಡು” ಅಂದ. ಆಮೇಲೆ ಗಂಭೀರವಾಗಿ, “ನಮ್ಮ ಲ್ಯಾಬಿನ್ಯಾಗ ವಾಸನಿ ಹಿಡಿಯೋ ಮಷೀನ್ ಅದ, ತರಲೇನು?” ಅಂದ.

“ಸೀದು ಹೋದ್ರ ಅದಕ್ಕ ನಾಚಿಕಿ ಆಗ್ತದೇನು?” ಎಂದಳು ಕಮಲಾ. ಅಲ್ಲಿಗೆ ಮಷೀನಿನ ಮಾತು ಮುಗಿಯಿತು.

ತಮ್ಮ ಬರುವುದಕ್ಕೆ ಒಂದು ವಾರ ಮೊದಲು ಇಬ್ಬರೂ ಒಂದು ಸಲ ಮಾಡಿ ನೋಡಿದರು. ಅಲ್ಲಿಯ ಮೆಣಸಿನಕಾಯಿ ಇಲ್ಲೆಲ್ಲಿ ಸಿಗಬೇಕು? ಕಮಲಾ ತನ್ನ ಡಬ್ಬಿಯ ಬ್ಯಾಡಗಿ ಮೆಣಸಿನಕಾಯಿ ತಂದು ಮೇಜಿನ ಮೇಲೆ ಸುರಿದಳು. ಆಂಟಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಅದರ ಸುಕ್ಕು ಸವರಿ, ಬೀಜ ಅಲುಗಿಸಿ ಕೇಳಿ, ಇದು ನಮ್ಮೂರಿನದರ ದಾಯಾದಿಯೇ ಎಂದು ತೀರ್ಪು ಕೊಟ್ಟರು. ಸಾರಿಗೆ ಹಾಕಲು ತಂದಿದ್ದ ತರಕಾರಿ ನೋಡಿ ಗುರುತು ಹಿಡಿಯುವುದು ಈಗ ಕಮಲಾಳ ಸರದಿ. ಸೀಮೆಬದನೆಕಾಯಿ! ಯಾವ ಸೀಮೆಯದು ಎಂದು ಅವಳಿಗೆ ಇಷ್ಟು ವರ್ಷವಾದ ಮೇಲೆ ತಿಳಿಯಿತು.

ಆಂಟಿಯ ಕೈಗೆಲಸವನ್ನು ನೋಡಬೇಕಿತ್ತು ನೀವು. ಕುಂಬಳಬೀಜ ಚಟಪಟ ಅನ್ನುವುದನ್ನು ತಲೆ ವಾರೆ ಮಾಡಿ ಕೇಳುವರು, ಸದ್ದು ವಿರಳವಾಗುತ್ತಲೇ ಇಳಿಸುವರು. ಎಳ್ಳಿನ ಬಣ್ಣ ಒಂದು ಕೂದಲೆಳೆಯಷ್ಟು ತಿರುಗಿದ್ದೂ ಅವರ ಕಣ್ಣು ತಪ್ಪಿಸುವಂತಿಲ್ಲ. ಸುಟ್ಟ ಟೊಮೆಟೊವನ್ನು ಹೆಬ್ಬೆರಳಲ್ಲಿ ಒತ್ತಿ, ಇನ್ನೂ ಎರಡು ನಿಮಿಷ ಎಂದು ಮತ್ತೆ ಕಾವಲಿಯ ಮೇಲೆ ಹೊರಳಿಸುವರು. ಮುಕ್ಕಾಲು ಅಡುಗೆಯನ್ನು ಕಣ್ಣು, ಕಿವಿ, ಬೆರಳುಗಳಲ್ಲೇ ಗೆದ್ದುಬಿಟ್ಟರು. ಮಠದ ಅಡುಗೆಮನೆಯಲ್ಲಿ ಬೆಳೆದ ಕಮಲಾಳೇ ಬೆರಗಾಗಿ, ಅಪ್ಪ ಇದನ್ನು ನೋಡಿದ್ದರೆ ಈ ಹೆಂಗಸಿಗೆ ಕೈ ಮುಗಿಯುತ್ತಿದ್ದರು ಎಂದುಕೊಂಡಳು.

ಉಳಿದದ್ದು ಮೆಣಸಿನಕಾಯಿ. ಅದನ್ನು ಕಪ್ಪಾಗುವ ತನಕ ಹುರಿಯಬೇಕು, ಕಪ್ಪಿನಲ್ಲಿ ಕಣ್ಣಿಗೆ ಏನೂ ತಿಳಿಯುವುದಿಲ್ಲ, ಮೂಗೇ ಬೇಕು. ಮೂರು ವಾಸನೆ ಬರುತ್ತದೆ ಎಂದು ಆಂಟಿ ಪಾಠ ಹೇಳಿದರು. ಮೊದಲು ಸಿಹಿ. ಆಮೇಲೆ ಸೀನು ಬರಿಸುವ ಘಾಟು. ಘಾಟು ಇಳಿದ ಮೇಲೆ ಒಣದ್ರಾಕ್ಷಿ ಮತ್ತು ಕಾಫಿ ಬೀಜವನ್ನು ಒಟ್ಟಿಗೆ ಹುರಿದಂಥ ಒಂದು ವಾಸನೆ. ಅದು ಬಂದ ಮೇಲೆ ಐದು ಎಣಿಸುವಷ್ಟೇ ಹೊತ್ತು, ಆಮೇಲೆ ಬರೀ ಬೂದಿ. ಆ ಗಳಿಗೆಯಲ್ಲಿ ಅವರ ಅಮ್ಮ “ಯಾ” ಎನ್ನುತ್ತಿದ್ದರಂತೆ. ಅವರ ಭಾಷೆಯಲ್ಲಿ ಈಗ, ಆಯಿತು, ಸಾಕು, ಎಲ್ಲಕ್ಕೂ ಅದೇ ಮಾತು. ನೀನೂ ಹಾಗೇ ಹೇಳು ಎಂದರು.

ಕಮಲಾ ಒಲೆಗೆ ಬೆನ್ನು ಹಾಕಿ ನಿಂತಳು. ಸಿಹಿ ಬಂತು. ಘಾಟು ಬಂತು, ಇಬ್ಬರೂ ಸೀನಿದರು. ಅಷ್ಟರಲ್ಲಿ ಕಮಲಾಳ ಮೈಯೆಲ್ಲ ಚಡಪಡಿಸತೊಡಗಿತು. ಮಠದಲ್ಲಿ ಒಗ್ಗರಣೆ ಸೀದರೆ ಇಡೀ ಪಂಕ್ತಿಯ ಮುಂದೆ ಅಪ್ಪನ ಮಾನ ಹೋಗುತ್ತಿತ್ತು. ನಲವತ್ತು ವರ್ಷದ ಅಭ್ಯಾಸ ಬಾಯಿಂದ ತಾನೇ ಹೊರಟುಬಂತು. ಮೂರನೆಯ ವಾಸನೆ ಬರುವ ಮೊದಲೇ “ಯಾ” ಎಂದುಬಿಟ್ಟಳು.

ಕಮಲಾಳ ಟೇಬಲ್ ಟಾಪ್ ಗ್ರೈಂಡರಿನಲ್ಲಿ ರುಬ್ಬಿ ಕುದಿಸಿದ ಸಾರು ಟೊಮೆಟೊ ಸಾರಿನ ಬಣ್ಣಕ್ಕೆ ಬಂತು. ಆಂಟಿ ಅದನ್ನು ಸೌಟಿನಲ್ಲಿ ಎತ್ತಿ ಸುರಿದು ನೋಡಿದರು. ಬೈಯಲಿಲ್ಲ. ಚೆನ್ನಾಗಿದೆ, ಆದರೆ ಇದು ಹೆದರಿದವರ ಪೆಪಿಯಾನ್ ಎಂದರು. ಆ ಒಂದು ಮಾತು ಕಮಲಾಳಿಗೆ ವಾರವಿಡೀ ಮುಳ್ಳಿನಂತೆ ಚುಚ್ಚಿತು. ತಾನು ಕೆಲಸ ಮಾಡುವ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವಾಗಲೂ ಅದೇ, ಪಾತ್ರೆ ತೊಳೆಯುವಾಗಲೂ ಅದೇ.

ಮೇ ತಿಂಗಳ ಆ ಶನಿವಾರ ಗಾಳಿಯೋ ಗಾಳಿ. ತಮ್ಮನನ್ನು ಕರೆತರಲು ಭೀಮಸೇನ ಹೆಸರು ಬರೆದ ರಟ್ಟು ಹಿಡಿದು ಏರ್‌ಪೋರ್ಟಿಗೆ ಹೋದ. ಆಂಟಿ ಬೆಳಗ್ಗೆಯೇ ಕೋಳಿ ಬೇಯಿಸಿ ದೂರ ಇಟ್ಟಿದ್ದರು, ಕಮಲಾಳಿಗೆ ಮುಜುಗರವಾಗಬಾರದಲ್ಲ. ಸ್ಮೋಕ್ ಅಲಾರ್ಮಿನ ಬ್ಯಾಟರಿ ತೆಗೆದಿಟ್ಟರು, ಕಿಟಕಿ ಮುಚ್ಚಿದರು. ಮೆಣಸಿನಕಾಯಿ ಕಾವಲಿಗೆ ಬಿತ್ತು.

ಸಿಹಿ ವಾಸನೆ ಬಂತು, ಹೋಯಿತು. ಘಾಟು ಎದ್ದಿತು. ಕಮಲಾ ಸೆರಗು ಬಾಯಿಗೆ ತುರುಕಿಕೊಂಡಳು, ಎಲ್ಲಿ ಮಾತು ಜಾರಿಬಿಡುತ್ತದೋ ಎಂದು. ಸೀಯಿತು, ಸೀಯಿತು, ಇಳಿಸೇ ಎಂದು ಒಳಗಿನಿಂದ ಅಪ್ಪ ಗದರುತ್ತಿದ್ದರು. ಹಿಂದೆ ಆಂಟಿ ಕಾವಲಿಯ ಹಿಡಿ ಹಿಡಿದು ಕಾದಿದ್ದರು. ಘಾಟು ಮೆಲ್ಲನೆ ಇಳಿಯಿತು. ಒಂದು ಕ್ಷಣ ಏನೂ ಇಲ್ಲ. ಇನ್ನು ಬೂದಿಯೇ ಗತಿ ಎಂದುಕೊಂಡಳು. ಆಗ ಅದು ಬಂತು. ಒಣದ್ರಾಕ್ಷಿ, ಅದರ ಬೆನ್ನಿಗೇ ಕಾಫಿ, ಮಾರು ದೂರ ತಾನಾಗಿ ನಡೆದು ಬಂತು. ಅವಳು ಒಂದು, ಎರಡು, ಮೂರು ಎಣಿಸಿದಳು. ಆ ಗಡಿಬಿಡಿಯಲ್ಲಿ ಕಲಿಸಿದ ಮಾತೇ ಮರೆತುಹೋಯಿತು.

“ಸಾಕು!”

ಆಂಟಿ ಆ ಮಾತು ಹಿಂದೆಂದೂ ಕೇಳಿದವರಲ್ಲ. ಆದರೂ ಅರೆಕ್ಷಣ ತಡ ಮಾಡದೆ ಕಾವಲಿ ಎತ್ತಿಬಿಟ್ಟರು. ಸಾರು ಗಟ್ಟಿಯಾಗಲು ಹಾಕುವ ಮೆಕ್ಕೆಜೋಳದ ರೊಟ್ಟಿಯನ್ನೂ ಅದೇ ಧೈರ್ಯದಲ್ಲಿ ಕಪ್ಪಗೆ ಸುಟ್ಟರು. ರುಬ್ಬಿ ಕುದಿಸಿದಾಗ ಸಾರು ಒದ್ದೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಕೋಳಿ ಹಾಕುವ ಮೊದಲು ಆಂಟಿ ಕಮಲಾಳ ಸ್ಟೀಲ್ ಡಬ್ಬಿಗೆ ಸಾರು, ಆಲೂಗಡ್ಡೆ, ಸೀಮೆಬದನೆ ಹಾಕಿ ಬೇರೆಯಾಗಿ ಎತ್ತಿಟ್ಟರು.

ರಿಗೋಬೆರ್ತೊ ಸಣ್ಣ ಆಳು. ತಾವೇ ಹೊಲಿದ ಕೋಟು ಹಾಕಿಕೊಂಡು ಬಂದಿದ್ದರು. ಬಾಗಿಲಲ್ಲಿ ಅಕ್ಕ ತಮ್ಮ ಅಪ್ಪಿಕೊಂಡು ನಿಂತಷ್ಟು ಹೊತ್ತು ಕಮಲಾ, ಭೀಮಸೇನ ಅಂಗಳದ ಗುಲಾಬಿ ನೋಡಿದರು. ಆಮೇಲೆ ಎಲ್ಲರೂ ಊಟಕ್ಕೆ ಕೂತರು. ಆಂಟಿ ಪಾತ್ರೆಯ ಮುಚ್ಚಳ ತೆಗೆದರು. ಆವಿ ಎದ್ದು ಮೇಜಿನ ತುಂಬ ಹರಡಿತು.

ತಮ್ಮ ಒಂದು ಚಮಚ ಬಾಯಿಗಿಟ್ಟುಕೊಂಡರು. ಚಮಚ ಕೆಳಗಿಟ್ಟರು. ಅಕ್ಕನ ಮುಖವನ್ನೇ ನೋಡುತ್ತ ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಕಮಲಾಳಿಗೆ ಅದರಲ್ಲಿ ತಿಳಿದದ್ದು ಕೊನೆಯ “ಯಾ” ಒಂದೇ. ಆಂಟಿ ಬಿಳಿಚಿಕೊಂಡರು. ಕೆಟ್ಟಿತು ಕೆಲಸ, ನಾನು ಮೂರು ಎಣಿಸಬಾರದಿತ್ತು, ಎರಡಕ್ಕೇ ಹೇಳಬೇಕಿತ್ತು ಎಂದುಕೊಂಡಳು ಕಮಲಾ.

“ಏನು ಕೇಳಿದರು ಆಂಟಿ?”

ಆಂಟಿ ಕಮಲಾಳತ್ತ ತಿರುಗಿದರು. “ನಿನಗೆ ಯಾ ಅಂದವರು ಯಾರು ಅಕ್ಕಾ ಅಂತ ಕೇಳುತ್ತಿದ್ದಾನೆ.”

ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ಆಂಟಿ ಕಮಲಾಳತ್ತ ಬೆರಳು ತೋರಿಸಿ, ತಮ್ಮದೇ ಮೂಗು ಮುಟ್ಟಿಕೊಂಡು, ಇಲ್ಲ ಎಂದು ತಲೆಯಾಡಿಸಿದರು. ತಮ್ಮ ಆಶ್ಚರ್ಯಪಡಲಿಲ್ಲ. ನಿಧಾನವಾಗಿ ಹೇಳುತ್ತ ಹೋದರು, ಆಂಟಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರು. ಅಮ್ಮನಿಗೂ ಕೊನೆಯ ಆರು ವರ್ಷ ಮೂಗು ಇರಲಿಲ್ಲವಂತೆ, ಯಾವುದೋ ಜ್ವರ ಬಂದು ಹೋದ ಮೇಲೆ. ಅಕ್ಕನಿಗೆ ಬರೆಯಬೇಡ, ಅಷ್ಟು ದೂರ ಕೂತು ಸುಮ್ಮನೆ ಅಳುತ್ತಾಳೆ ಎಂದು ಆಣೆ ಹಾಕಿಸಿಕೊಂಡಿದ್ದಳಂತೆ. ಭಾನುವಾರ ಭಾನುವಾರ ಅಡುಗೆಮನೆಯಲ್ಲಿ ನಿಂತು ಯಾ ಎನ್ನುತ್ತಿದ್ದವರು ಈ ತಮ್ಮನೇ. ಅಮ್ಮನ ಜೊತೆ ಅಡುಗೆಮನೆಯಲ್ಲಿದ್ದೆ ಎಂದು ಅವರು ಆಗ ಕಾಗದ ಬರೆದರೆ, ನೀರು ಕಾಯಿಸಲು ಬಾರದವನಿಗೆ ಅಲ್ಲೇನು ಕೆಲಸ ಎಂದು ಆಂಟಿ ನಗಾಡಿದ್ದರಂತೆ. ತಮ್ಮನ ಮೂಗು ಎಷ್ಟು ಮಾಡಿದರೂ ಟೇಲರನ ಮೂಗು. ಆ ಆರು ವರ್ಷವೂ ಒಂದಲ್ಲ ಒಂದು ಕಡೆ ಸೀದಿರುತ್ತಿತ್ತು, ಇಬ್ಬರೂ ಮಾತಾಡದೆ ತಿನ್ನುತ್ತಿದ್ದರು.

“ಈಗ ಮುಚ್ಚಳ ತೆಗೆದಾಗ ನೀನು ಪಾತ್ರೆ ನೋಡಲಿಲ್ಲ, ಈಕೆಯ ಮುಖ ನೋಡಿದೆ,” ಅಂದರು ತಮ್ಮ. “ಅಮ್ಮನೂ ಹಾಗೇ ನನ್ನ ಮುಖ ನೋಡುತ್ತಿದ್ದಳು.”

ಹೇಳಿ ಅವರು ಎದ್ದರು. ಮೇಜು ಸುತ್ತಿ ಬಂದು, ಕಮಲಾಳ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಕಮಲಾ ಗಾಬರಿಯಿಂದ ಎದ್ದು ನಿಂತು ಎರಡೂ ಕೈ ಮುಗಿದಳು. ಭೀಮಸೇನ ಕನ್ನಡಕ ತೆಗೆದು ಒರೆಸುತ್ತ ಕೂತ.

ಆಂಟಿ ತಮ್ಮನ ತೋಳು ಹಿಡಿದು ಏನೋ ಕೇಳಿದರು. ಈ ಸಲ ತಾವೇ ಕಮಲಾಳಿಗೂ ಹೇಳಿದರು, ಹೇಗಿದೆ ಅಂತ ಕೇಳಿದೆ, ನನಗಂತೂ ತಿಳಿಯುವುದಿಲ್ಲವಲ್ಲ. ತಮ್ಮ ಇನ್ನೊಂದು ಚಮಚ ತಿಂದು ಕಣ್ಣು ಮುಚ್ಚಿಕೊಂಡರು. ಅವರ ಉತ್ತರವನ್ನು ಇಂಗ್ಲಿಷಿಗೆ ತರಲು ಆಂಟಿಗೆ ಬಹಳ ಹೊತ್ತು ಹಿಡಿಯಿತು.

“ನಾನು ಮನೆಯಲ್ಲಿದ್ದಾಗ ಇದ್ದ ಹಾಗೇ ಇದೆಯಂತೆ.”

ಎಂಟು ತಿಂಗಳಿಂದ ಔಷಧಿ ಕುಡಿದಂತೆ ಊಟ ಮುಗಿಸುತ್ತಿದ್ದ ಓದಿಲಿಯಾ ಆಂಟಿ ಅವತ್ತು ಅಳುತ್ತ, ನಗುತ್ತ ತಟ್ಟೆ ಖಾಲಿ ಮಾಡಿದರು. ಮತ್ತೆ ಮುಂದಕ್ಕೆ ಚಾಚಿದರು. ತಮ್ಮ ಒಂದು ಸೌಟು ಬಡಿಸಿ, ಯಾ? ಎಂದು ಕೇಳಿದರು. ಆಂಟಿ ಇಲ್ಲ ಎಂದು ತಲೆಯಾಡಿಸಿದರು. ಇನ್ನೊಂದು ಸೌಟು ಬಿತ್ತು. ಯಾ? ಇಲ್ಲ, ಇನ್ನೂ ಹಾಕು ಎಂದು ತಟ್ಟೆಯನ್ನು ಹಾಗೇ ಹಿಡಿದಿದ್ದರು.