ಚಕ್ರಕ್ಕೆ ಒತ್ತಿದ ನಕ್ಷತ್ರ

“ಬಾಯಿ ತೆಗಿಯೇ, ಕಳ್ಳ ಮುಂಡೆ! ನಾಲಿಗೆ ಎತ್ತು!”

ಧಣಿ ನನ್ನ ನಾದಿನಿಯ ದವಡೆ ಹಿಡಿದು ಟಾರ್ಚ್ ಬಿಟ್ಟ. ಕಾಣೆಯಾದ ರತ್ನದ ಕಲ್ಲು ಬಾಯಲ್ಲಿರಲಿಲ್ಲ. ಕೂದಲು ಬಿಚ್ಚಿಸಿದ, ಅಲ್ಲೂ ಇರಲಿಲ್ಲ. ಬಟ್ಟೆ ಬಿಚ್ಚು ಎಂದ. ಕಲ್ಲು ಉಜ್ಜುವ ಆ ಕೋಣೆಯಲ್ಲಿ ನಾವಷ್ಟೂ ಹೆಂಗಸರು ಕುಳಿತಿದ್ದೆವು, ಬಾಗಿಲಲ್ಲಿ ಕಾವಲಿನವನು. “ಅತ್ತಿಗೇ...” ಎಂದಳು ಅವಳು. ಎದ್ದೆ. ಕಾವಲಿನವನು ನನ್ನ ರಟ್ಟೆ ತಿರುಚಿದ. ಎಲ್ಲವೂ ನಮ್ಮ ಕಣ್ಣೆದುರೇ ನಡೆಯಿತು.

ಮಾರನೆಯ ಬೆಳಿಗ್ಗೆ ಕಲ್ಲು ಸಿಕ್ಕಿತು. ಎಲ್ಲಿ ಅಂತೀರಿ? ಅರಗಿನ ಬಟ್ಟಲಲ್ಲಿ! ಉಜ್ಜುವಾಗ ಹಿಡಿಯಲೆಂದು ಕಲ್ಲನ್ನು ಬಿಸಿ ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸುತ್ತೇವೆ. ಅದು ಜಾರಿ ಬಿದ್ದು ತಳದಲ್ಲಿ ಮುಳುಗಿತ್ತು.

“ಅವಳು ಕದ್ದಿಲ್ಲ ಅಂತ ಒಂದು ಮಾತು ಹೇಳಿ,” ಅಂದೆ ಧಣಿಗೆ.

“ಇವತ್ತು ಕದ್ದಿಲ್ಲ, ನಾಳೆ ಕದೀತಾಳೆ. ನಿಮ್ಮ ಹುಟ್ಟೇ ಅಂಥದ್ದು. ಮುಚ್ಕೊಂಡು ಕೆಲಸ ಮಾಡು.”

ಅಷ್ಟರಲ್ಲಿ ಬೀದಿಯೆಲ್ಲ ಗುಲ್ಲಾಗಿತ್ತು. ಅವಳು ನಲ್ಲಿಗೆ ಹೋದರೆ ಕಳ್ಳಿ ಬಂದಳು ಎನ್ನುತ್ತಿದ್ದರು. ನಾದಿನಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು, ಊಟ ಮುಟ್ಟಲಿಲ್ಲ.

ಅದೇ ಕಲ್ಲನ್ನು ಆ ಪುಣ್ಯಾತ್ಮ ಕೊನೆಯ ಹೊಳಪಿಗೆ ನನ್ನ ಕೈಗೇ ಕೊಟ್ಟ! ಓದಿದವರು ಡಯಾಪ್ಸೈಡ್ ಎನ್ನುತ್ತಾರೆ, ನಮಗದು ಕರಿ ನಕ್ಷತ್ರ. ಉಬ್ಬಾಗಿ ಉಜ್ಜಿ ಬಲ್ಬಿನ ಕೆಳಗೆ ಹಿಡಿದರೆ ನೆತ್ತಿಯ ಮೇಲೆ ನಾಲ್ಕು ಕಾಲಿನ ನಕ್ಷತ್ರ ಏಳುತ್ತದೆ. ಇಷ್ಟು ದೊಡ್ಡದನ್ನು ನಾನು ಕಂಡಿರಲಿಲ್ಲ. ಕೊಳ್ಳುವವನು ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದ.

ನಾನು ಹೊಳಪಿನ ಚಕ್ರ ಬಿಟ್ಟು ಕಲ್ಲನ್ನೇ ತಿನ್ನುವ ಒರಟು ಚಕ್ರದ ಮುಂದೆ ಕುಳಿತೆ.

“ಏಯ್! ಅಲ್ಯಾಕೆ ಕೂತೆ?”

“ಅವಳು ಕಳ್ಳಿ ಅಲ್ಲ ಅಂತ ಹೇಳು.”

“ಕೈ ತೆಗಿಯೇ, ಹಲ್ಕಾ ರಂಡೆ!”

ಕಲ್ಲಿನ ಅಂಚನ್ನು ಚಕ್ರಕ್ಕೆ ಒತ್ತಿದೆ. ನಕ್ಷತ್ರದ ಒಂದು ಕಾಲು ಹೋಯಿತು. ಅವನು ನುಗ್ಗಿದ.

“ಮುಂದೆ ಬಂದ್ರೆ ಕಲ್ಲಿನ ನೆತ್ತೀನೇ ಚಕ್ರಕ್ಕೆ ಒತ್ತುತೀನಿ, ಬೋಳಿಮಗನೆ! ನಿಂತಲ್ಲೇ ಹೇಳು.”

“ಆಯ್ತು ಮಾರಾಯ್ತಿ... ಕದ್ದಿಲ್ಲ.”

“ಬೀದಿಗೆ ಕೇಳಲಿ.”

ಬಾಗಿಲಿಗೆ ಹೋಗಿ ಕೂಗಿದ: “ಅವಳು ಕದ್ದಿಲ್ಲ! ಕಲ್ಲು ಇಲ್ಲೇ ಸಿಕ್ತು! ತಪ್ಪು ನಂದೇ!”

ನಲ್ಲಿಯ ಬಳಿ ಇದ್ದವರೆಲ್ಲ ತಿರುಗಿ ನೋಡಿದರು. ಅವನು ಓಡಿ ಬಂದು ಎರಡೂ ಕೈ ಚಾಚಿದ.

“ಹೇಳಿದ್ನಲ್ಲಾ, ಕೊಡಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ.”

ಅಮ್ಮಾ ಅಂತೆ! ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಅಮ್ಮ ಆಗಿದ್ದೆ, ಅದೂ ಒಂದು ಕಲ್ಲಿನ ದಯೆಯಿಂದ.

“ಕಳ್ಳಿ ಅಂದಿದ್ದಕ್ಕೆ ಸರಿಹೋಯ್ತು,” ಅಂದೆ. “ಇದು ಬಟ್ಟೆ ಬಿಚ್ಚಿಸಿದ್ದಕ್ಕೆ.”

ನೆತ್ತಿಯನ್ನೇ ಚಕ್ರಕ್ಕೆ ಕೊಟ್ಟೆ. ಧಣಿ ಬಾಯಿ ಬಡಿದುಕೊಂಡ. ಕಾವಲಿನವನು ನುಗ್ಗಿದ, ಹೆಂಗಸರು ಎದ್ದು ಅಡ್ಡ ನಿಂತರು. ಕಡ್ಡಿಯ ತುದಿಯಲ್ಲಿ ಬರಿಯ ಅರಗು ಉಳಿಯುವವರೆಗೂ ಕೈ ತೆಗೆಯಲಿಲ್ಲ. ಚಕ್ರದ ಕೆಳಗಿನ ತಟ್ಟೆಯಲ್ಲಿ ಕಲ್ಲಿನ ಪುಡಿಯ ಕಪ್ಪು ಕೆಸರು ನಿಂತಿತ್ತು. ಎತ್ತಿ ಅವನ ಕೈಗಳಿಗೆ ಸುರಿದೆ.

“ತಗೋ. ಒಂದು ಚೂರೂ ಕದ್ದಿಲ್ಲ.”