ಪ್ರತಿರೋಧ ಇಲ್ಲ

ಇಲ್ಲ, ಇಲ್ಲ, ಇಲ್ಲ — ಔಷಧಿಯ ಹೆಸರುಗಳ ಎದುರಿಗೆ ಒಂದರ ಕೆಳಗೊಂದು, ಅಂಗಿಗೆ ಗುಂಡಿ ಹೊಲಿದ ಹಾಗೆ, ಪ್ರತಿರೋಧ ಇಲ್ಲ, ಪ್ರತಿರೋಧ ಇಲ್ಲ, ಒಂದರ ಮುಂದಾದರೂ ಇದೆ ಅಂತಿರಬಾರದಿತ್ತೇ, ಥೂ, ಎಂಥ ಆಸೆ ಇದು, ಮೇಜಿನಾಚೆ ಡಾಕ್ಟರಮ್ಮ ನಗುತ್ತಿದ್ದಾರೆ, ಒಳ್ಳೆ ಸುದ್ದಿ ಅಮ್ಮಾ, ಈ ಕಾಗದದ ಪ್ರಕಾರ ಎಲ್ಲ ಮಾತ್ರೆಗಳೂ ಇನ್ನೂ ಕೆಲಸ ಮಾಡ್ತವೆ, ಪಕ್ಕದ ಕುರ್ಚಿಯಲ್ಲಿ ಅಕ್ಕನ ಮಗಳು ಚೀಲದ ಜಿಪ್ಪು ಎಳೆಯುತ್ತಾಳೆ, ಮುಚ್ಚುತ್ತಾಳೆ, ಒಳ್ಳೆ ಸುದ್ದಿ ಕೇಳಿದವರು ಹೀಗೆ ತಲೆ ತಗ್ಗಿಸುತ್ತಾರೆಯೇ. ಹದಿನಾರು ವರ್ಷ, ಹುಟ್ಟುವಾಗಲೇ ತಾಯಿಯಿಂದ ಬಂದ ಎಚ್‌ಐವಿ, ತಾಯಿ ಹೋದ ಮೇಲೆ ಹತ್ತು ವರ್ಷದಿಂದ ಈ ಚಿಕ್ಕಮ್ಮನ ಕೈಯಿಂದಲೇ ಮಾತ್ರೆ, ಬೆಳಗ್ಗೆ ಏಳಕ್ಕೆ — ರಕ್ತದಲ್ಲಿ ವೈರಸ್ ನಲವತ್ತು ಸಾವಿರಕ್ಕೆ ಏರಿದೆ ಎಂದಾಗ ಇದೇ ಕುರ್ಚಿಯಲ್ಲಿ ಕೂತು ತಾನು ಎಷ್ಟು ಜೋರು ಮಾಡಿದ್ದಳು, ನಾನೇ ಕೈಯಾರೆ ಕೊಡ್ತೀನಿ ಮೇಡಂ, ನಿಮ್ಮ ಮಾತ್ರೆಯಲ್ಲೇ ಏನೋ ದೋಷ ಇರಬೇಕು. ಹಾಗಾದರೆ ನೋಡೋಣ ಎಂದು ಡಾಕ್ಟರಮ್ಮ ರಕ್ತ ಕಳಿಸಿದ್ದರು, ಪ್ರಯೋಗಾಲಯದಲ್ಲಿ ವೈರಸ್ಸಿನ ಒಳಗಿನ ಬರಹವನ್ನೇ ಅಕ್ಷರ ಅಕ್ಷರವಾಗಿ ಓದುತ್ತಾರಂತೆ, ಅದು ತನ್ನ ನಕಲು ಮಾಡಿಕೊಳ್ಳುವ ಅವಸರದಲ್ಲಿ ತಪ್ಪುತಪ್ಪಾಗಿ ಬರೆದುಕೊಳ್ಳುತ್ತದಂತೆ, ಎಲ್ಲೋ ಒಂದು ತಪ್ಪು ನಕಲಿಗೆ ಔಷಧಿ ನಾಟುವುದಿಲ್ಲ, ಔಷಧಿ ಅರೆಬರೆಯಾದಾಗ ಅದು ಉಳಿದುಕೊಂಡು ತನ್ನದೇ ಸಂಸಾರ ಬೆಳೆಸುತ್ತದೆ, ಅದೇ ಪ್ರತಿರೋಧವಂತೆ. ಪೂರ್ತಿ ನುಂಗಿದರೆ ನಕಲೇ ಆಗಲ್ಲ, ಪೂರ್ತಿ ಬಿಟ್ಟರೆ ಅದಕ್ಕೆ ಬದಲಾಗೋ ಅಗತ್ಯವೇ ಇಲ್ಲ, ಅಂದಿದ್ದರು, ಆಗ ತಲೆಗೆ ಹೋಗಲಿಲ್ಲ, ಈಗ ಹೋಗುತ್ತಿದೆ — ವೈರಸ್ ಬದಲಾಗಿಲ್ಲ, ಆದರೂ ಏರಿದೆ, ಅಂದರೆ ಮಾತ್ರೆ ಹೊಟ್ಟೆಗೇ ಹೋಗಿಲ್ಲ. ಗಾರ್ಮೆಂಟ್ಸಿನಲ್ಲಿ ದಿನಕ್ಕೆ ನಾನೂರು ಅಂಗಿ ಚೆಕಿಂಗ್ ಮಾಡುವ ಕಣ್ಣು, ಬಿಟ್ಟುಹೋದ ಒಂದು ಹೊಲಿಗೆಯನ್ನೂ ಹಿಡಿಯುವ ಕಣ್ಣು, ಅದಕ್ಕೇ ಹುಡುಗಿ ಇನ್‌ಸ್ಪೆಕ್ಟರ್ ಚಿಕ್ಕಮ್ಮ ಅಂತ ರೇಗಿಸುವುದು, ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ ಕೂಡಲೇ ಬಚ್ಚಲಿಗೆ ಓಡುತ್ತಿದ್ದಳಲ್ಲ, ಬಾಯಿ ಮುಕ್ಕಳಿಸುವ ಸದ್ದು ದಿನಾ ಕೇಳಿಸುತ್ತಿತ್ತಲ್ಲ, ಅಲ್ಲೇ ಉಗುಳುತ್ತಿದ್ದಳೇ, ರೋಗ ಬಲಿತಿದ್ದರೂ ಚಿಂತೆಯಿಲ್ಲ, ಇವಳು ಸುಳ್ಳಿಯಾಗದಿದ್ದರೆ ಸಾಕು ಎಂದು ಬೇಡಿಕೊಂಡಿತ್ತಲ್ಲ ಈ ಹಾಳು ಮನಸ್ಸು.

ಯಾಕೆ ಕಂದ, ಎಂದು ಕೇಳಿದ್ದು ತಾನೇ ಇರಬೇಕು, ಜಿಪ್ಪು ನಿಂತಿತು, ಅಮ್ಮನೂ ದಿನಾ ನುಂಗ್ತಿದ್ಲಲ್ಲ ಚಿಕ್ಕಮ್ಮ, ಏನಾಯ್ತು. ಏನಾಯ್ತು, ಎಷ್ಟು ಮೆಲ್ಲಗೆ ಕೇಳುತ್ತಾಳೆ, ಸಿಟ್ಟಿಲ್ಲ, ಅಳುವಿಲ್ಲ, ಹತ್ತು ವರ್ಷ ಇವಳ ಕಿವಿಗೆ ಹಾಕಿದ್ದು ಅದನ್ನೇ ತಾನೇ, ನಿಮ್ಮಮ್ಮ ಒಂದು ದಿನ ತಪ್ಪಿಸಿದವಳಲ್ಲ, ನೀನೂ ತಪ್ಪಿಸಬೇಡ — ತಪ್ಪಿಸದವಳೂ ಸತ್ತಳು ಎಂದು ಮಗು ಒಳಗೊಳಗೇ ಕೂಡಿಸಿಕೊಂಡಿತು. ಹೇಳು, ಈಗಲಾದರೂ ಹೇಳು, ಅಕ್ಕ ಗಂಡನ ಮನೆಯಲ್ಲಿ ಯಾರಿಗೂ ತಿಳಿಸದೆ ಪೌಡರ್ ಡಬ್ಬಿಯಲ್ಲಿ ಮಾತ್ರೆ ಇಡುತ್ತಿದ್ದಳು, ಆಸ್ಪತ್ರೆಗೆ ಬರಲು ಪ್ರತಿ ತಿಂಗಳೂ ನೆಪ ಸಿಗುತ್ತಿರಲಿಲ್ಲ, ಒಂದು ತಿಂಗಳದ್ದನ್ನು ಎರಡು ತಿಂಗಳಿಗೆ ಎಳೆಯುತ್ತಿದ್ದಳು, ಕೊನೆಗೆ ಅವಳ ಕಾಗದದ ತುಂಬ ಇದೆ, ಇದೆ, ಇದೆ, ಬೇರೆ ಔಷಧಿ ಬರುವಷ್ಟರಲ್ಲಿ — ಡಾಕ್ಟರಮ್ಮ ಅನ್ನುತ್ತಿದ್ದಾರೆ, ಇವಳು ಇದೇ ಮಾತ್ರೆ ಮೂರು ತಿಂಗಳು ಸರಿಯಾಗಿ ನುಂಗಲಿ, ಬಿಟ್ಟು ಬಹಳ ದಿನ ಆಗಿದ್ರೆ ಬದಲಾದ ವೈರಸ್ ಪರೀಕ್ಷೆಗೆ ಕಾಣದೆ ಅಡಗಿರಬಹುದು, ಅದಕ್ಕೇ ಆಮೇಲೆ ರಕ್ತದಲ್ಲಿ ಮತ್ತೆ ಎಣಿಸೋಣ, ಇಳಿಯೋ ಸಂಭವವೇ ಹೆಚ್ಚು, ಹುಡುಗಿ ಅವರನ್ನು ನೋಡುತ್ತಿಲ್ಲ, ಚಿಕ್ಕಮ್ಮನ ಮುಖವನ್ನೇ ನೋಡುತ್ತಾ ಕಾದಿದ್ದಾಳೆ, ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ, ಗೊತ್ತಿತ್ತು, ಅಡುಗೆಮನೆಯ ಕಿಟಕಿಯ ಹತ್ತಿರ ಕಂಡಿದ್ದೆ, ಅಕ್ಕ ಹೆಬ್ಬೆರಳ ಉಗುರು ಊರಿ ಮಾತ್ರೆ ಮುರಿದದ್ದು, ಯಾರಿಗೂ ಹೇಳ್ಬೇಡ ಕಣೆ ಅಂದದ್ದು, ಹೇಳಲಿಲ್ಲ, ಯಾರಿಗೂ, ಬೇಡ ಅಕ್ಕಾ ಹೀಗೆ ಮಾಡಬೇಡ ಅಂತ ಅಕ್ಕನಿಗೂ — ನಿಮ್ಮಮ್ಮ ಅರ್ಧ ನುಂಗ್ತಿದ್ಲು ಕಂದ, ನಾನು ನೋಡಿದ್ದೆ, ಧ್ವನಿ ಹೊರಟಿತೋ ಇಲ್ಲವೋ, ಹುಡುಗಿಯ ತುಟಿ ಏನೋ ಕೇಳುತ್ತಿದೆ, ಕೇಳಿಸುತ್ತಿಲ್ಲ, ಅಕ್ಕನ ಅಂಗೈಯಲ್ಲಿ ಆ ಅರ್ಧ ಮಾತ್ರೆ, ಬಿಳಿ, ಮುರಿದ ಅಂಚು, ಉದುರಿದ ಪುಡಿಯನ್ನೂ ಬಿಡದೆ ನಾಲಗೆಗೆ ಒತ್ತಿಕೊಂಡ ಬೆರಳು, ಮತ್ತೆ ಅಂಗೈ, ಬೆವರಿದ ಅಂಗೈ, ಅರ್ಧ ಮಾತ್ರೆ, ಅರ್ಧ ಮಾತ್ರೆ.