ಮುಚ್ಚಳದ ಮೇಲಿನ ಹಲ್ಲಿನ ಗುರುತು

“ನಿನ್ನ ಕ್ಯಾಮೆರಾ ಗಟಾರಕ್ಕ ಒಗೀತೇನಿ ನೋಡು! ಇದೇನು ಮದುವಿ ಮನಿ ಅಂತ ತಿಳದೀಯೇನು?”

“ಒಗೀರಿ ನೋಡೋಣು! ನನ್ನ ಮಗಳನ್ನ ನಾ ಕರದ್ರ ನಿಮಗೇನ್ರಿ ಮಾಸ್ತರ್ರ?”

“ಮಗಳಂತ ಮಗಳು! ಎದುರಿನ ಟೀಮಿನಾಕಿ ಪೆನಾಲ್ಟಿ ಹೊಡ್ಯಾಕ ನಿಂತಾಗ ‘ತೇಜೂ, ಇಲ್ಲಿ ನೋಡು’ ಅಂತ ಯಾವ ಅಪ್ಪ ಒದರ್ತಾನಲೇ?”

ಗಟಾರಕ್ಕೆ ಹೋಗಬೇಕಾಗಿದ್ದ ಆ ಕ್ಯಾಮೆರಾ ನಾನೇ. ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಮೈದಾನದಲ್ಲಿ, ನೀಲಕಂಠ ಬಡಿಗೇರನ ಎದೆಯ ಮೇಲೆ ತೂಗಾಡುತ್ತ ನಾನು ಈ ಜಗಳ ಕೇಳಿದೆ. ಬೈಯುತ್ತಿದ್ದವರು ಹುಡುಗಿಯರ ಫುಟ್‌ಬಾಲ್ ತಂಡದ ಕೋಚ್ ಅರುಳಪ್ಪ ಮಾಸ್ತರ್. ಅವರು ಬೈದದ್ದು ಸರಿ. ನನಗೆ ಬಾಯಿದ್ದಿದ್ದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದೆ.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಕೈಗವಸು ತೊಟ್ಟವರು ನನ್ನನ್ನು ಜೋಡಿಸಿ, ಒರೆಸಿ, ಡಬ್ಬಿಯಲ್ಲಿ ಮಲಗಿಸಿದರು. ಮೊದಲು ನನ್ನನ್ನು ಕೊಂಡವರು ಧಾರವಾಡದ ಒಬ್ಬ ಬ್ಯಾಂಕ್ ಅಧಿಕಾರಿ. ಹಕ್ಕಿಗಳ ಫೋಟೊ ತೆಗೆಯುವ ಆಸೆ ಅವರದು, ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಮಾತ್ರ ಇರಲಿಲ್ಲ. ನಾನು ಕಪಾಟಿನಲ್ಲೇ ಕೊಳೆತೆ. ಕೊನೆಗೆ ಅವರು ನನ್ನನ್ನೂ ನನ್ನ ಉದ್ದ ಲೆನ್ಸನ್ನೂ ನೀಲಕಂಠನಿಗೆ ಮಾರಿದರು.

ನೀಲಕಂಠನದು ಮಾರ್ಕೆಟ್ ರಸ್ತೆಯಲ್ಲಿ ಸಣ್ಣ ಸ್ಟುಡಿಯೋ. ಅವನ ಜತೆ ನಾನು ಎಷ್ಟು ಮದುವೆ ಕಂಡೆನೋ! ಅಕ್ಷತೆಯ ಕಾಳು ನನ್ನ ಗುಂಡಿಗಳ ಸಂದಿಯಲ್ಲಿ ಸಿಕ್ಕಿಬಿದ್ದಿವೆ, ಹೋಮದ ಹೊಗೆ ಕಣ್ಣಿಗೆ ನುಗ್ಗಿದೆ. ಕೆಲಸ ಸುಲಭ. “ಇಲ್ಲಿ ನೋಡ್ರಿ, ಸ್ವಲ್ಪ ನಗ್ರಿ” ಎಂದು ಅವನು ಕೂಗುತ್ತಿದ್ದ, ಎಲ್ಲರೂ ನೋಡುತ್ತಿದ್ದರು, ನಗುತ್ತಿದ್ದರು. ಹೊಸ ಲೈಟು ತಂದರೆ ಮಗಳು ತೇಜಸ್ವಿನಿಯನ್ನು ಸ್ಟೂಲಿನ ಮೇಲೆ ಕೂರಿಸಿ “ತೇಜೂ, ಇಲ್ಲಿ ನೋಡು” ಎನ್ನುವನು. ಹಾಲುಹಲ್ಲಿನ ಕಾಲದಿಂದ ಆ ಕೂಗಿಗೆ ತಿರುಗಿ ತಿರುಗಿ ಅದು ಅವಳ ಕತ್ತಿಗೇ ಅಂಟಿಬಿಟ್ಟಿತ್ತು.

ಜಗಳವಾದ ದಿನದ ಸೆಮಿಫೈನಲ್‌ನಲ್ಲೂ ಆದದ್ದು ಅದೇ. ಗೋಲು ಕಾಯುತ್ತಿದ್ದ ತೇಜೂ ಅಪ್ಪನ ಕೂಗಿಗೆ ನನ್ನತ್ತ ತಿರುಗಿದಳು. ಚೆಂಡು ಅವಳ ಬೆನ್ನ ಹಿಂದೆ ಬಲೆ ಸೇರಿತು. ತಂಡ ಸೋತಿತು. ಫೋಟೊ ಮಾತ್ರ ಬಲು ಚೆನ್ನಾಗಿ ಬಂದಿತ್ತು, ಸುಡಲಿ ಅದನ್ನು.

ಜಗಳದ ಕೊನೆಗೆ ತೇಜೂ ಬಂದು ಕೈಗವಸು ಕಳಚುತ್ತ ಅಪ್ಪನಿಗೆ ಹೇಳಿದಳು: “ಇನ್ ಮ್ಯಾಲೆ ನಾ ಆಡೋ ಕಡೆ ನೀ ಬರಬ್ಯಾಡ.”

ನೀಲಕಂಠ ಮನೆಗೆ ಬಂದವನೇ ನನ್ನನ್ನು ಮೇಜಿನ ಮೇಲೆ ಕುಕ್ಕಿದ. ನನಗೂ ಸಿಟ್ಟು ಬಂತು. ತಪ್ಪು ಮಾಡಿದ್ದು ಬಾಯಿ, ಪೆಟ್ಟು ನನಗೆ!

ಆದರೆ ಮಗಳ ಆಟ ನೋಡದೆ ಅವನಿಗೆ ಇರಲಾಗಲಿಲ್ಲ. ಒಂದು ಭಾನುವಾರ ಅರುಳಪ್ಪ ಮಾಸ್ತರರ ಎದುರು ಹೋಗಿ ನಿಂತ.

“ಕಲೀತೇನ್ರಿ. ಹೆಂಗ ತಗೀಬೇಕು ಹೇಳ್ರಿ.”

“ನಾ ಏನ್ ಫೋಟೋಗ್ರಾಫರ್ ಅದೇನೇನು? ಸಣ್ಣ ಹುಡುಗ್ರು ಆಡಾಕತ್ತಾರ, ಅಲ್ಲಿ ಹೋಗಿ ಕುಂದ್ರು. ಬಾಯಿ ತಗದಿ ಅಂದ್ರ ಗೇಟಿನ ಹೊರಗ.”

ಅಲ್ಲಿಂದ ಶುರುವಾಯಿತು ನಮ್ಮ ಪಾಠ. ಮೊದಮೊದಲು ಸಿಕ್ಕಿದ್ದು ಬರೀ ಬೆನ್ನು, ತಲೆಯಿಲ್ಲದ ಕಾಲು, ಚೆಂಡು ಹೋದ ಮೇಲಿನ ಧೂಳು. ಮಂಟಪದಲ್ಲಿ ನಿಂತಂತೆ ನೆಟ್ಟಗೆ ನಿಂತು ತೆಗೆದರೆ ಹುಡುಗರೆಲ್ಲ ಕುಳ್ಳಗೆ ಕಂಡರು. ಅವನು ಮಂಡಿಯೂರಿ ಕೂತ. ಆಗ ಅದೇ ಹುಡುಗರು ಆಕಾಶಕ್ಕೆ ಎದ್ದು ನಿಂತರು. ಹಿಂದೆ ಸ್ಕೂಟರ್ ಸಾಲು ಬಂದರೆ ಜಾಗ ಬದಲಿಸಿದ. ಶಟರಿನ ವೇಗ ಏರಿಸಿದ. ಚೆಂಡಿನ ಹಿಂದೆ ನನ್ನನ್ನು ಅತ್ತಿಂದಿತ್ತ ಎಳೆದಾಡಿ ನನಗೆ ತಲೆ ತಿರುಗಿಸುತ್ತಿದ್ದವನನ್ನು ಒಮ್ಮೆ ಮಾಸ್ತರರೇ ತಡೆದರು.

“ಚೆಂಡಿನ ಬೆನ್ನ ಹತ್ತಬ್ಯಾಡೋ ಮಾರಾಯಾ. ಅದು ಯಾರ ಕಡೆ ಹೊಂಟೈತಿ, ಅವರ ಮುಖಾ ಹಿಡಿ. ಚೆಂಡು ತಾನ ಬರ್ತೈತಿ.”

ಹಾಗೇ ಆಯಿತು. ಮುಖ ಹಿಡಿದು ಕಾದೆವು, ಚೆಂಡು ಬಂತು.

ಕಲಿಯಲಾಗದೆ ಉಳಿದದ್ದು ಒಂದೇ, ಸುಮ್ಮನಿರುವುದು. ಒಳ್ಳೆಯ ಗಳಿಗೆ ಬಂದರೆ ಅವನ ಬಾಯಿ ತಾನೇ ತೆರೆಯುತ್ತಿತ್ತು. ಒಂದು ದಿನ “ಇಲ್ಲಿ...” ಎಂದವನು ಗಾಬರಿಬಿದ್ದು ಕೈಯಲ್ಲಿದ್ದ ನನ್ನ ಲೆನ್ಸಿನ ಮುಚ್ಚಳವನ್ನೇ ಬಾಯಿಗೆ ತುರುಕಿ ಕಚ್ಚಿದ. ನನ್ನ ಮುಚ್ಚಳ! ಎಲೆ ಅಡಿಕೆ ಜಗಿದ ಬಾಯಿ! ಎಷ್ಟು ಶಾಪ ಹಾಕಿದೆ ಎಂದು ನನಗೇ ಗೊತ್ತು. ಆದರೆ ಆವತ್ತಿನಿಂದ ಅದೇ ರೂಢಿಯಾಯಿತು. ಮೈದಾನಕ್ಕೆ ಕಾಲಿಟ್ಟೊಡನೆ ಮುಚ್ಚಳ ಹಲ್ಲಿಗೆ. ಹುಡುಗರು ಅವನಿಗೆ ‘ಮುಚ್ಚಳ ಮಾಮಾ’ ಎಂದು ಹೆಸರಿಟ್ಟರು.

ತೆಗೆದ ಫೋಟೊಗಳನ್ನು ಅವನು ಸ್ಟುಡಿಯೋದ ಕೌಂಟರ್ ಮೇಲೆ ಹರವುತ್ತಿದ್ದ. ತೇಜೂ ಅವುಗಳತ್ತ ಕಣ್ಣೆತ್ತದೆ ಹಾದುಹೋಗುತ್ತಿದ್ದಳು. ಒಂದು ಸಂಜೆ ನಿಂತಳು. ಒಂದು ಫೋಟೊ ಕೈಗೆತ್ತಿಕೊಂಡಳು. ಅದರಲ್ಲಿ ಚೆಂಡಿರಲಿಲ್ಲ. ಆಟವೆಲ್ಲ ಆಚೆ ತುದಿಯಲ್ಲಿ ನಡೆದಿತ್ತು. ಈಚೆ ಗೋಲಿನಲ್ಲಿ ಪುಟ್ಟ ಕೀಪರ್ ಒಬ್ಬನೇ, ದೊಡ್ಡ ಕೈಗವಸನ್ನು ಎದೆಗೊತ್ತಿಕೊಂಡು, ದೂರ ನೋಡುತ್ತ ನಿಂತಿದ್ದ.

“ಅಪ್ಪಾ, ಗೋಲಿನ್ಯಾಗ ನಾವು ಹಿಂಗ ನಿಂತಿರ್ತೇವಿ ಅಂತ ನಿನಗ ಹೆಂಗ ಗೊತ್ತಾತು?”

“ನನ್ನೂ ಹೊರಗ ನಿಲ್ಲಿಸೀಯಲ್ಲವಾ,” ಎಂದ ನೀಲಕಂಠ.

ಅವಳು ಫೋಟೊ ಕೆಳಗಿಡಲಿಲ್ಲ. ಹೋಗುವಾಗ ಬಾಗಿಲಲ್ಲಿ ಹೇಳಿದಳು: “ಮುಂದಿನ ಟೂರ್ನಿಗೆ ಬಾ. ಮುಚ್ಚಳಾ ಕಚ್ಚಿಕೊಂಡ ಬರಬೇಕ ಮತ್ತ.”

ಬಂದೆವು. ಅದೇ ಮೈದಾನ, ಅದೇ ಗೋಲು, ಮತ್ತೆ ಒಂದು ಪೆನಾಲ್ಟಿ. ಬಲೆಯ ಪಕ್ಕ ಗೆರೆಯಾಚೆ ನೀಲಕಂಠ ಮಂಡಿಯೂರಿದ್ದ. ಮುಚ್ಚಳ ಅವನ ಹಲ್ಲಿನಲ್ಲಿ ಕರಕರ ಎನ್ನುತ್ತಿತ್ತು. ತೇಜೂವಿನ ಕತ್ತು ಅಲುಗಲಿಲ್ಲ. ಚೆಂಡು ಬಂತು, ಅವಳು ಹಾರಿದಳು, ನಾನು ಕಟಕ್ಕೆಂದೆ. ಅವಳ ಬೆರಳ ತುದಿ ತಾಗಿ ಚೆಂಡು ಕಂಬದಾಚೆ ಹೋಯಿತು.

ಮಣ್ಣು ಕೊಡವುತ್ತ ಎದ್ದವಳು ತಾನಾಗಿ ನಮ್ಮತ್ತ ತಿರುಗಿದಳು. ಯಾರೂ ಕರೆದಿರಲಿಲ್ಲ. ನಕ್ಕಳು. ಆ ನಗುವಿನ ಫೋಟೊ ಅಲುಗಾಡಿ ಮಸುಕಾಗಿದೆ. ಅದು ನನ್ನ ತಪ್ಪಲ್ಲ, ಗುಂಡಿ ಒತ್ತುತ್ತಲೇ ಅವನು ಎದ್ದುನಿಂತ.

ಮಾಸ್ತರರು ಬಂದು ನನ್ನ ಪರದೆ ನೋಡಿದರು. “ಗಟಾರಕ್ಕ ಒಗೀಲಿಲ್ಲ, ಛಲೋ ಆತು” ಎಂದರು. ನಾನೂ ಹಾಗೇ ಅಂದುಕೊಂಡೆ.

ಈಗ ನಾನು ಸ್ಟುಡಿಯೋದ ಗಾಜಿನ ಕಪಾಟಿನಲ್ಲಿದ್ದೇನೆ. ಶಟರ್ ಸವೆದಿದೆ, ಲೆನ್ಸಿನೊಳಗೆ ಬೂಸ್ಟು ಹಿಡಿದಿದೆ. ಹಲ್ಲಿನ ಗುರುತು ತುಂಬಿದ ಮುಚ್ಚಳ ನನ್ನ ಮುಖದ ಮೇಲೆಯೇ ಇದೆ. ಹೊಸದು ತಂದರೆ ಹಾಕಿಸಿಕೊಳ್ಳುವವನು ನಾನಲ್ಲ. ಕಪಾಟಿನಲ್ಲಿ ಕೊಳೆಯುತ್ತಿದ್ದ ನನ್ನನ್ನು ಬಿಸಿಲಿಗೆ ತಂದವನು ನೀಲಕಂಠ. ಅವನ ಜತೆ ನನಗೂ ಕಾಯುವುದನ್ನು ಕಲಿಸಿದವರು ಮಾಸ್ತರರು. ಬೈಗುಳದಿಂದ ಶುರುವಾದ ಪಾಠ ಎಂದು ಅದರ ಋಣ ಕಡಿಮೆಯಾಗುವುದಿಲ್ಲ.

ಎದುರು ಗೋಡೆಯ ತುಂಬ ನಗುವ ಮುಖಗಳು. ನಡುವೆ ಒಂದೇ ಒಂದು ಬೆನ್ನು. “ಮುಖಾನ ಇಲ್ಲಲ್ರೀ ಇದರಾಗ” ಎನ್ನುತ್ತಾರೆ ಗಿರಾಕಿಗಳು. ನಾನು ತೆಗೆದ ಕೊನೆಯ ಫೋಟೊ ಅದು.

ದೂರದ ಊರಿನ ತಂಡವೊಂದಕ್ಕೆ ಆಯ್ಕೆಯಾಗಿ ತೇಜೂ ಹೊರಟ ಬೆಳಿಗ್ಗೆ ತೆಗೆದದ್ದು. ಅಪ್ಪನ ಕಾಲು ಮುಟ್ಟಿ, ಕೈಗವಸನ್ನು ಬ್ಯಾಗಿಗೆ ಸಿಕ್ಕಿಸಿಕೊಂಡು ಸ್ಟುಡಿಯೋದ ಮೆಟ್ಟಿಲಿಳಿದಳು. ನೀಲಕಂಠ ನನ್ನನ್ನು ಕಣ್ಣಿಗೆತ್ತಿದ. ಬಾಯಿ ತೆರೆಯಿತು. ಕೂಗಿದ್ದರೆ ಅವಳು ತಿರುಗುತ್ತಿದ್ದಳು, ಅದು ನನಗೂ ಗೊತ್ತು, ಅವನಿಗೂ ಗೊತ್ತು. ಅವನು ಜೇಬು ತಡಕಿ ಮುಚ್ಚಳ ತೆಗೆದು ಕಚ್ಚಿದ.

ತೇಜೂ ಬಸ್ಸಿನ ಕಡೆ ನಡೆದಳು. ತಿರುಗಲಿಲ್ಲ.